ಕರಾವಳಿಯ ಮನೆಗೆ ನ್ಯಾಸ್ ಹಾರ್ಡ್ ಡಿಸ್ಕ್: ಯಾವುದು ತಗೊಳ್ಳಬೇಕು, ಯಾವುದು ಬೇಡ

ಡಬ್ಲ್ಯುಡಿ (ವೆಸ್ಟರ್ನ್ ಡಿಜಿಟಲ್) ರೆಡ್ 4 ಟಿಬಿ ಡಿಸ್ಕಿನ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ. ಒಂದರ ಮೇಲೆ ಡಬ್ಲ್ಯುಡಿ40ಇಎಫ್‌ಪಿಎಕ್ಸ್ ಎಂದಿರುತ್ತದೆ, ಇನ್ನೊಂದರ ಮೇಲೆ ಡಬ್ಲ್ಯುಡಿ40ಇಎಫ್‌ಎಎಕ್ಸ್. ಎರಡೂ ಕೆಂಪು ಚೀಟಿ, ಎರಡೂ 4 ಟಿಬಿ, ಎರಡನ್ನೂ ನ್ಯಾಸ್‌ಗೆಂದೇ, ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿ ಎಲ್ಲರ ಕಡತ ಇಡುವ ಡಿಸ್ಕ್ ಪೆಟ್ಟಿಗೆಗೆಂದೇ, ಮಾರಿದ್ದಾರೆ. ಬೇರೆ ಇರುವುದು ಒಂದೇ ಒಂದು ಅಕ್ಷರ. ಮೊದಲನೆಯದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಎರಡನೆಯದನ್ನು ಪುಕ್ಕಟೆ ಕೊಟ್ಟರೂ ರೇಡ್‌ಗೆ (ಒಂದು ಡಿಸ್ಕ್ ಕೆಟ್ಟರೂ ಕಡತ ಉಳಿಯುವಂತೆ ಡಿಸ್ಕ್‌ಗಳನ್ನು ಜೋಡಿಸುವ ಕ್ರಮ) ಹಾಕಬಾರದು.

ಮೊದಲನೆಯದು ಸಿಎಂಆರ್, ಎರಡನೆಯದು ಎಸ್‌ಎಂಆರ್. ಸಿಎಂಆರ್ ಡಿಸ್ಕಿನ ತಟ್ಟೆಯ ಮೇಲೆ ಬರೆಯುವ ಸಾಲುಗಳು ಒಂದರ ಪಕ್ಕ ಒಂದು, ಪ್ರತ್ಯೇಕವಾಗಿ ಇರುತ್ತವೆ. ಎಸ್‌ಎಂಆರ್‌ನಲ್ಲಿ ಅದೇ ತಟ್ಟೆಗೆ ಹೆಚ್ಚು ತುಂಬಿಸಲು ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿರುತ್ತಾರೆ. ನಮ್ಮ ಕಡೆಯ ಹಂಚಿನ ಮಾಡು ನೆನೆಸಿಕೊಂಡರೆ ಸಾಕು. ನಡುವಿನ ಹಂಚು ಒಡೆದರೆ ಅದೊಂದನ್ನೇ ಎಳೆದು ತೆಗೆಯಲು ಬರುವುದಿಲ್ಲ. ಅದರ ಮೇಲೆ ಕೂತ ಹಂಚನ್ನು ಎತ್ತಿ, ಒಡೆದದ್ದನ್ನು ಬದಲಿಸಿ, ಮತ್ತೆ ಸಾಲಾಗಿ ಕೂರಿಸಬೇಕು. ಹಳೆಯ ಜಾಗದಲ್ಲಿ ಹೊಸದನ್ನು ಬರೆಯುವಾಗ ಎಸ್‌ಎಂಆರ್ ಡಿಸ್ಕ್ ಮಾಡುವ ಕೆಲಸವೂ ಇದೇ. ಬಂದದ್ದನ್ನೆಲ್ಲ ಮೊದಲು ಒಂದು ಮೀಸಲು ಜಾಗದಲ್ಲಿ ಇಟ್ಟುಕೊಂಡು, ಬಿಡುವಾದಾಗ ಹಂಚು ಹೊದಿಸುತ್ತದೆ. ದಿನಕ್ಕೆ ಹತ್ತಿಪ್ಪತ್ತು ಫೋಟೊ ಹಾಕುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆ ಮೀಸಲು ಜಾಗ ತುಂಬುವಷ್ಟು ಬರಹ ಒಟ್ಟಿಗೆ ಬಂದಾಗ ಮಾತ್ರ ವೇಗ ಒಮ್ಮೆಲೇ ಕುಸಿಯುತ್ತದೆ.

ಹಾಗೆ ಒಟ್ಟಿಗೆ ಬರುವುದು ಯಾವಾಗ? ಒಂದು ಡಿಸ್ಕ್ ಸತ್ತು, ಹೊಸದನ್ನು ಹಾಕಿ, ಉಳಿದದ್ದರಿಂದ ಪ್ರತಿಯನ್ನು ಮತ್ತೆ ಕಟ್ಟುವಾಗ. ಅಂದರೆ ನಿಮ್ಮ ಹತ್ತಿರ ಒಂದೇ ಪ್ರತಿ ಉಳಿದಿರುವ ಹೊತ್ತಿನಲ್ಲೇ. ಎರಡು ಡಿಸ್ಕಿನಲ್ಲೂ ಒಂದೇ ಪ್ರತಿ ಇಡುವ ಸಾದಾ ರೇಡ್ 1 ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಬರೆಯುತ್ತದೆ, ಆದ್ದರಿಂದ ಎಸ್‌ಎಂಆರ್ ಅದನ್ನು ಹೇಗೋ ತೂಗಿಸಬಹುದು. ನ್ಯಾಸ್‌ನಲ್ಲಿ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇದ್ದರೆ, ಅಥವಾ ಮರುಜೋಡಣೆ ನಡೆಯುತ್ತಿರುವಾಗ ಮನೆಯವರು ಅದೇ ನ್ಯಾಸ್ ಬಳಸುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಇಎಫ್‌ಎಎಕ್ಸ್ ಡಿಸ್ಕ್ ಹಾಕಿ 2020ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಝಡ್‌ಎಫ್‌ಎಸ್ ಮರುಜೋಡಣೆ ಒಂಬತ್ತು ದಿನ ದಾಟಿತ್ತು. ಸಿಎಂಆರ್ ಡಿಸ್ಕಿಗೆ ಅದೇ ಕೆಲಸ ಒಂದು ದಿನದೊಳಗೆ ಮುಗಿದಿತ್ತು. ಡಿಸ್ಕ್ ತೀರಾ ಹೊತ್ತು ಉತ್ತರ ಕೊಡದಿದ್ದರೆ ನ್ಯಾಸ್ ಅದನ್ನು ಸತ್ತದ್ದೆಂದು ತಿಳಿದು ಹೊರಗೆ ಹಾಕುವುದೂ ಉಂಟು.

ರೆಡ್ ಹೆಸರಿನಲ್ಲಿ 2ರಿಂದ 6 ಟಿಬಿವರೆಗಿನ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಸೇರಿಸಿರುವುದನ್ನು ಕಂಪನಿ ಒಪ್ಪಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಕೊಳ್ಳುವವರಿಗೆ ಅದನ್ನು ಮೊದಲೇ ಹೇಳದೆ ಇದ್ದದ್ದು ತಪ್ಪು. ಆಮೇಲೆ ರೆಡ್ ಡಿಸ್ಕ್‌ಗಳ ಸಾಲನ್ನು ಒಡೆದರು: ಬರಿಯ ರೆಡ್ ಎಸ್‌ಎಂಆರ್, ರೆಡ್ ಪ್ಲಸ್ ಮತ್ತು ರೆಡ್ ಪ್ರೊ ಸಿಎಂಆರ್. ಈಗ ಡಬ್ಲ್ಯುಡಿ, ಸೀಗೇಟ್, ತೋಷಿಬಾ ಮೂರು ಕಂಪನಿಗಳೂ ಯಾವ ಮಾಡೆಲ್ ಯಾವುದು ಎಂಬ ಪಟ್ಟಿಯನ್ನು ತಮ್ಮ ತಾಣಗಳಲ್ಲಿ ಕೊಟ್ಟಿವೆ. ಹಳೆಯ ದಾಸ್ತಾನು ಮಾತ್ರ ಇನ್ನೂ ಅಲ್ಲಲ್ಲಿ ತಿರುಗುತ್ತಿದೆ. ಆದ್ದರಿಂದ ಅಂಗಡಿಗೆ ಫೋನ್ ಮಾಡಿದಾಗ «ರೆಡ್ ಇದೆಯಾ» ಎಂದು ಕೇಳಬೇಡಿ, ಪೂರ್ತಿ ಮಾಡೆಲ್ ಸಂಖ್ಯೆ ಓದಿಸಿ. ಒಂದು ಎಚ್ಚರಿಕೆ: 8 ಟಿಬಿಯ ಇಎಫ್‌ಎಎಕ್ಸ್ ಸಿಎಂಆರ್ ಆಗಿದೆ. ಬರೀ ಆ ನಾಲ್ಕಕ್ಷರ ನೋಡಿ ತಳ್ಳಿಹಾಕಿದರೆ ಒಳ್ಳೆಯ ಡಿಸ್ಕೂ ಕೈತಪ್ಪುತ್ತದೆ.

ನಮ್ಮ ಗಾಳಿಗೆ ಯಾವುದು ತಡೆಯುತ್ತದೆ

ಇಂಟರ್ನೆಟ್ಟಿನಲ್ಲಿ ಸಿಗುವ ಡಿಸ್ಕ್ ವಿಮರ್ಶೆಗಳೆಲ್ಲ ಒಣ ಹವೆಯ ಊರಿನ ಮನೆಗಳಿಗೆ ಬರೆದವು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಹಿತ್ತಾಳೆ ದೀಪಕ್ಕೆ ಕಿಲುಬು ಬರುತ್ತದೆ. ಅದೇ ಗಾಳಿಯನ್ನೇ ನ್ಯಾಸ್‌ನ ಫ್ಯಾನ್ ದಿನವಿಡೀ ಒಳಗೆ ಎಳೆಯುತ್ತದೆ. ಹೊರಗಿನ ಗಾಳಿಯಿಂದಲೇ ತಂಪು ಮಾಡುವ ಮೈಕ್ರೋಸಾಫ್ಟ್ ದತ್ತಾಂಶ ಕೇಂದ್ರಗಳ ಡಿಸ್ಕ್‌ಗಳನ್ನು ಅಭ್ಯಸಿಸಿ 2016ರಲ್ಲಿ ಒಂದು ವರದಿ ಬಂದಿತು. ಡಿಸ್ಕ್ ಕೆಡುವುದರ ಮೇಲೆ ಹವೆಯ ತೇವದ ಪ್ರಭಾವ ಬಿಸಿಗಿಂತ ಹೆಚ್ಚು, ಮತ್ತು ತೇವ ಮುಖ್ಯವಾಗಿ ಕೆಡಿಸುವುದು ಒಳಗಿನ ತಟ್ಟೆಯನ್ನಲ್ಲ, ಕಂಟ್ರೋಲರ್ ಮತ್ತು ಸಂಪರ್ಕದ ಭಾಗವನ್ನು ಎಂದು ಅದು ಹೇಳಿತು. ಕರಾವಳಿಯಲ್ಲಿ ಈ ತೇವದ ಜೊತೆ ಉಪ್ಪೂ ಇದೆ.

ಕಂಪನಿಗಳು ಡಿಸ್ಕ್ ನಡೆಯುವಾಗ ಶೇ. 95ರವರೆಗೆ ತೇವ ಇರಬಹುದು ಎನ್ನುತ್ತವೆ, ಆದರೆ ನೀರು ಹನಿಗಟ್ಟಬಾರದು ಎಂಬ ಷರತ್ತಿನ ಮೇಲೆ. ನಮಗೆ ಮುಖ್ಯ ಆ ಷರತ್ತೇ. ಮಳೆಗಾಲದ ಒಂದು ದಿನ, ಕೋಣೆಯಲ್ಲಿ 27 ಡಿಗ್ರಿ, ತೇವ ಶೇ. 90 ಎನ್ನಿ. ಆ ಗಾಳಿ 25 ಡಿಗ್ರಿಯ ವಸ್ತುವಿಗೆ ತಗುಲಿದರೆ ಸಾಕು, ಹನಿಗಟ್ಟುತ್ತದೆ. ಅದೇ ಗಾಳಿ ನಡೆಯುತ್ತಿರುವ ನ್ಯಾಸ್‌ನೊಳಗೆ 38 ಡಿಗ್ರಿಗೆ ಬಿಸಿಯಾದರೆ ಅದರ ಸಾಪೇಕ್ಷ ತೇವ ಶೇ. 50ರ ಕೆಳಗೆ ಇಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ನ್ಯಾಸ್ ಆಫ್ ಮಾಡಿ ಮೂಲೆಗಿಡುವುದಕ್ಕಿಂತ ನಡೆಸುತ್ತಲೇ ಇರುವುದು ಡಿಸ್ಕಿಗೆ ಕ್ಷೇಮ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಊರಿನ ಮನೆಯಲ್ಲಿ ನ್ಯಾಸ್ ಇಟ್ಟವರು ಹೋಗುವಾಗ ಸ್ವಿಚ್ ಆರಿಸಿ ಹೋಗುತ್ತಾರೆ. ಮೂರು ತಿಂಗಳ ನಂತರ ಬಂದು ಚಾಲೂ ಮಾಡಿದರೆ ಡಿಸ್ಕ್ ಕಾಣಿಸುವುದಿಲ್ಲ. ಇನ್ನು ಎಸಿ ಕೋಣೆಯಲ್ಲಿ ಇಡುವವರಿಗೆ ಒಂದು ಮಾತು. ರಾತ್ರಿ 22 ಡಿಗ್ರಿಗೆ ತಣಿದು ಆಫ್ ಆಗಿರುವ ಪೆಟ್ಟಿಗೆಗೆ ಬೆಳಿಗ್ಗೆ ಕಿಟಕಿ ತೆಗೆದ ಕೂಡಲೇ ಹೊರಗಿನ ಗಾಳಿ ಹೊಡೆದರೆ, ತಣ್ಣೀರಿನ ಲೋಟ ಬೆವರುವಂತೆ ಅದೂ ಬೆವರುತ್ತದೆ. ಎಸಿ ಇಲ್ಲದ, ಗಾಳಿಯಾಡುವ ನಡುಕೋಣೆಯೇ ಒಳ್ಳೆಯದು.

ಹೀಲಿಯಂ ತುಂಬಿದ ಡಿಸ್ಕ್ ಕರಾವಳಿಗೆ ಹೇಳಿ ಮಾಡಿಸಿದ್ದು ಎಂಬ ಮಾತು ಕೇಳಿಬರುತ್ತದೆ. ಇದರಲ್ಲಿ ಅರ್ಧ ನಿಜ. ಸಾಮಾನ್ಯ ಡಿಸ್ಕಿಗೆ ಉಸಿರಾಡಲು ಫಿಲ್ಟರ್ ಇರುವ ಒಂದು ಸಣ್ಣ ರಂಧ್ರ ಇರುತ್ತದೆ. ಹೀಲಿಯಂ ಡಿಸ್ಕ್ ಪೂರ್ತಿ ಬೆಸುಗೆ ಹಾಕಿ ಮುಚ್ಚಿರುತ್ತದೆ, ತೇವ ತಟ್ಟೆಯವರೆಗೆ ಹೋಗುವುದಿಲ್ಲ. ಆದರೆ ಕೆಳಗಿನ ಹಸಿರು ಬೋರ್ಡು, ತಂತಿ ಕೂರುವ ಸಾಟಾ ಕನೆಕ್ಟರ್ ಎರಡೂ ಹೊರಗಿನ ಗಾಳಿಯಲ್ಲೇ ಇವೆ, ಮತ್ತು ತೇವ ಮೊದಲು ಹಿಡಿಯುವುದು ಅವನ್ನೇ. 12 ಟಿಬಿ ಮತ್ತು ಅದಕ್ಕೂ ದೊಡ್ಡ ಡಿಸ್ಕ್‌ಗಳು ಸಾಮಾನ್ಯವಾಗಿ ಹೀಲಿಯಂ ಆಗಿರುತ್ತವೆ. ಅಷ್ಟು ಜಾಗ ಬೇಕಿದ್ದರೆ ಕೊಳ್ಳಿ. ಹೀಲಿಯಂ ಸಿಗಲಿ ಎಂದು ಮಾತ್ರ ಅಷ್ಟು ದೊಡ್ಡದಕ್ಕೆ ದುಡ್ಡು ಸುರಿಯಬೇಡಿ.

ಬೇಸಿಗೆಯ ಲೆಕ್ಕ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಕೋಣೆಯೇ 33-34 ಡಿಗ್ರಿ ಇರುವಾಗ ಡಿಸ್ಕಿನ ಬಿಸಿ 45ರ ಒಳಗಿದ್ದರೆ ಚಿಂತೆ ಬೇಡ. 50 ಮುಟ್ಟಿದರೆ ಎಚ್ಚರಿಸುವಂತೆ ನ್ಯಾಸ್‌ನಲ್ಲಿ ಹೊಂದಿಸಿ, ಫ್ಯಾನನ್ನು ನಿಶ್ಶಬ್ದದ ಬದಲು ತಂಪಿನ ಕ್ರಮಕ್ಕೆ ಬದಲಿಸಿ. ಡಿಸ್ಕ್ ಆರಿಸುವಾಗಲೇ ನಿಧಾನ ತಿರುಗುವುದನ್ನು ಆರಿಸಿಕೊಂಡರೆ ಈ ತಾಪತ್ರಯದ ಅರ್ಧ ಕಡಿಮೆಯಾಗುತ್ತದೆ. 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಡಿಸ್ಕ್ 5400ರದ್ದಕ್ಕಿಂತ ಹೆಚ್ಚು ಕರೆಂಟ್ ತಿನ್ನುತ್ತದೆ, ಹೆಚ್ಚು ಬಿಸಿಯಾಗುತ್ತದೆ, ಹೆಚ್ಚು ಸದ್ದು ಮಾಡುತ್ತದೆ. ಬದಲಿಗೆ ಮನೆಯಲ್ಲಿ ಸಿಗುವ ಲಾಭವೇನು? ಮನೆಯ ರೌಟರಿನ ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿಗಿಂತ ಹೆಚ್ಚು ಹರಿಯುವುದೇ ಇಲ್ಲ. ಇವತ್ತಿನ 5400 ಆರ್‌ಪಿಎಂ ಡಿಸ್ಕ್ ಒಂದೇ ಅದನ್ನು ತುಂಬಿಸುತ್ತದೆ.

ಒಂದೊಂದಾಗಿ

ಡಬ್ಲ್ಯುಡಿ ರೆಡ್ ಪ್ಲಸ್ 4 ಟಿಬಿ, ಮೇಲೆ ಹೇಳಿದ ಇಎಫ್‌ಪಿಎಕ್ಸ್: 5400 ಆರ್‌ಪಿಎಂ, 256 ಎಂಬಿ ಕ್ಯಾಶ್, ಸೆಕೆಂಡಿಗೆ 180 ಎಂಬಿವರೆಗೆ, ಮೂರು ವರ್ಷ ವಾರಂಟಿ, ವರ್ಷಕ್ಕೆ 180 ಟಿಬಿ ಓದು-ಬರಹದ ಮಿತಿ, ಎಂಟು ಡಿಸ್ಕಿನ ಪೆಟ್ಟಿಗೆಯವರೆಗೆ ಹೊಂದುತ್ತದೆ. ತಣ್ಣಗೆ, ಸದ್ದಿಲ್ಲದೆ ನಡೆಯುತ್ತದೆ. ಎರಡು ಡಿಸ್ಕಿನ ಮನೆ ನ್ಯಾಸ್‌ಗೆ ನಮ್ಮ ಮೊದಲ ಆಯ್ಕೆ ಇದು. ಇದೇ ಸಾಲಿನ 8 ಟಿಬಿ, ಡಬ್ಲ್ಯುಡಿ80ಇಎಫ್‌ಪಿಎಕ್ಸ್, 5640 ಆರ್‌ಪಿಎಂನದು. ದೊಡ್ಡದು ಬೇಕು, ಆದರೆ 7200 ಬೇಡ ಎನ್ನುವವರಿಗೆ ಸರಿಯಾದದ್ದು.

ಸೀಗೇಟ್ ಐರನ್‌ವುಲ್ಫ್ 4 ಟಿಬಿ, ಎಸ್‌ಟಿ4000ವಿಎನ್006: ಇದೂ 5400 ಆರ್‌ಪಿಎಂ, 256 ಎಂಬಿ ಕ್ಯಾಶ್, ಮೂರು ವರ್ಷ, 180 ಟಿಬಿ. ಐರನ್‌ವುಲ್ಫ್ ಸಾಲಿನಲ್ಲಿ ಎಸ್‌ಎಂಆರ್ ಇಲ್ಲ, ಹಾಗಾಗಿ ಮಾಡೆಲ್ ಸಂಖ್ಯೆಯ ತಲೆನೋವು ಕಡಿಮೆ. ಮೂರು ವರ್ಷದ ದತ್ತಾಂಶ ಮರುಪಡೆಯುವ ಸೇವೆ ಜೊತೆಗೆ ಬರುತ್ತದೆ, ಇದು ಒಳ್ಳೆಯ ಗುಣ. ಓದು-ಬರಹ ನಡೆಯುವಾಗಿನ ಕಟಕಟ ರೆಡ್ ಪ್ಲಸ್‌ಗಿಂತ ತುಸು ಹೆಚ್ಚು ಕೇಳುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಹಳೆಯ ಮನೆಗಳಲ್ಲಿ ನಾಗಂದಿಗೆಯ ಮೇಲೆ ಇಟ್ಟರೆ ಹಲಗೆಯೇ ತಮಟೆಯಂತೆ ಅದನ್ನು ಎತ್ತಿ ಕೇಳಿಸುತ್ತದೆ. ಪೆಟ್ಟಿಗೆಯ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿದರೆ ಸದ್ದು ನಿಲ್ಲುತ್ತದೆ, ಡಿಸ್ಕಿಗೂ ಅಲುಗಾಟ ಕಡಿಮೆ. ಇದರ 8 ಟಿಬಿಯಲ್ಲಿ ಎರಡು ತರ ಇವೆ. ವಿಎನ್004 ಕೊನೆಯಾದದ್ದು 7200 ಆರ್‌ಪಿಎಂ, ವಿಎನ್002 ಕೊನೆಯಾದದ್ದು 5400. ಕರಾವಳಿಗೆ ಎರಡನೆಯದು. ಬೆಲೆಯಲ್ಲಿ ರೆಡ್ ಪ್ಲಸ್‌ಗಿಂತ ಕಡಿಮೆ ಸಿಕ್ಕರೆ ಐರನ್‌ವುಲ್ಫ್ ತೆಗೆದುಕೊಂಡವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ತೋಷಿಬಾ ಎನ್300: 4 ಟಿಬಿ, ಎಚ್‌ಡಿಡಬ್ಲ್ಯುಜಿ440, 7200 ಆರ್‌ಪಿಎಂ. ಸಿಎಂಆರ್, ಗಟ್ಟಿ, ಮೂರು ವರ್ಷ ವಾರಂಟಿ. ಬಿಸಿ ಮತ್ತು ಸದ್ದು ಎರಡೂ ಜಾಸ್ತಿ. ಮಲಗುವ ಕೋಣೆಯಲ್ಲಿ ಇಡುವಂಥದ್ದಲ್ಲ. ಗಾಳಿಯಾಡುವ ಜಾಗ ಇದ್ದು ಬೆಲೆ ಹೊಂದಿದರೆ ಸರಿ.

ಐರನ್‌ವುಲ್ಫ್ ಪ್ರೊ, ರೆಡ್ ಪ್ರೊ ಎರಡಕ್ಕೂ ಐದು ವರ್ಷ ವಾರಂಟಿ. ಮದುವೆ ಫೋಟೊ-ವಿಡಿಯೊ ಸ್ಟುಡಿಯೊ ನಡೆಸುವವರು, ನಾಲ್ಕೈದು ಡಿಸ್ಕಿನ ಪೆಟ್ಟಿಗೆಯಲ್ಲಿ ದಿನವಿಡೀ ಎಡಿಟಿಂಗ್ ಮಾಡುವವರು ಆ ಎರಡು ಹೆಚ್ಚುವರಿ ವರ್ಷಕ್ಕಾಗಿ ಕೊಳ್ಳಬಹುದು. ಮನೆಗೆ ಬೇಡ.

ಈಗ ಊರಿನ ಅಂಗಡಿಯ ಪ್ರಶ್ನೆ. ಕಾರವಾರ, ಶಿರಸಿಯ ಕಂಪ್ಯೂಟರ್ ಅಂಗಡಿಗೆ ಹೋಗಿ ನ್ಯಾಸ್ ಡಿಸ್ಕ್ ಕೇಳಿದರೆ ಸಾಮಾನ್ಯವಾಗಿ «ತರಿಸಿ ಕೊಡ್ತೇವೆ» ಎನ್ನುತ್ತಾರೆ. ಕೈಗೆ ತಕ್ಷಣ ಸಿಗುವುದು ಸಿಸಿಟಿವಿಗೆ ಹಾಕುವ ನೇರಳೆ ಚೀಟಿಯ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್, ಇಲ್ಲದಿದ್ದರೆ ಸೀಗೇಟಿನ ಕಂಪ್ಯೂಟರ್ ಡಿಸ್ಕ್ ಬಾರ್ರಾಕುಡಾ. ಸಿಸಿಟಿವಿ ಡಿಸ್ಕ್ ನ್ಯಾಸ್‌ಗೆ ನಡೆಯುತ್ತದೆಯೇ? ನಡೆಯುತ್ತದೆ. ದಿನದ 24 ಗಂಟೆ ಓಡಲೆಂದೇ ಮಾಡಿದ್ದು, ಮೂರು ವರ್ಷ ವಾರಂಟಿ ಇದೆ. ಎಡೆಬಿಡದೆ ವಿಡಿಯೊ ಬರೆಯುವುದಕ್ಕೆ ಅದನ್ನು ಹದಗೊಳಿಸಿದ್ದಾರೆ, ಸಣ್ಣಸಣ್ಣ ಕಡತಗಳನ್ನು ಅಲ್ಲಲ್ಲಿ ಹುಡುಕುವುದಕ್ಕಲ್ಲ. ಆದರೂ ಮನೆಯ ಫೋಟೊಗಳಿಗೆ ಆ ವ್ಯತ್ಯಾಸ ಗೊತ್ತಾಗದು. ಕೊಳ್ಳುವ ಮುನ್ನ ಅದರ ಮಾಡೆಲ್ ಸಂಖ್ಯೆಯೂ ಸಿಎಂಆರ್ ಪಟ್ಟಿಯಲ್ಲಿ ಇದೆಯೇ ನೋಡಿ. ನ್ಯಾಸ್ ಡಿಸ್ಕ್ ಬರಲು ಎರಡು ವಾರ ಕಾಯಲಾಗದಿದ್ದರೆ ಮಾತ್ರ ಈ ದಾರಿ.

ಬಾರ್ರಾಕುಡಾ ಬೇಡ. ಎಸ್‌ಟಿ2000ಡಿಎಂ008, ಎಸ್‌ಟಿ4000ಡಿಎಂ004, ಎಸ್‌ಟಿ8000ಡಿಎಂ004 ಮೂರೂ ಎಸ್‌ಎಂಆರ್. ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮ. ಓದಲಾಗದ ಒಂದು ಜಾಗ (ಸೆಕ್ಟರ್) ಸಿಕ್ಕಿದಾಗ ನ್ಯಾಸ್ ಡಿಸ್ಕ್ ಸುಮಾರು 7 ಸೆಕೆಂಡ್ ಪ್ರಯತ್ನಿಸಿ, ಆಗಲಿಲ್ಲ ಎಂದು ನ್ಯಾಸ್‌ಗೆ ಹೇಳಿಬಿಡುತ್ತದೆ. ನ್ಯಾಸ್ ಆ ತುಣುಕನ್ನು ಇನ್ನೊಂದು ಡಿಸ್ಕಿನಿಂದ ತೆಗೆದು ಸರಿಪಡಿಸುತ್ತದೆ. ಕಂಪ್ಯೂಟರಿಗೆಂದು ಮಾಡಿದ ಡಿಸ್ಕಿಗೆ ಜೊತೆಗಾರ ಇಲ್ಲ. ಅದು ಸೋಲೊಪ್ಪದೆ ನಿಮಿಷಗಟ್ಟಲೆ ಒದ್ದಾಡುತ್ತದೆ, ನ್ಯಾಸ್ ಅಷ್ಟರಲ್ಲಿ ಅದನ್ನು ಹೊರಗೆ ಹಾಕಿರುತ್ತದೆ. ಒಂದು ಸೆಕ್ಟರ್ ಕೆಟ್ಟದ್ದಕ್ಕೆ ಪೂರ್ತಿ ಡಿಸ್ಕ್ ಹೋಯಿತು ಎಂದು ಅಂಗಡಿಗೆ ತರುವವರಲ್ಲಿ ಹಲವರ ಸಮಸ್ಯೆ ಇದು.

ಹಳೆಯ ಸರ್ವರ್‌ನಿಂದ ತೆಗೆದ ದೊಡ್ಡ ಡಿಸ್ಕ್‌ಗಳು ಅಗ್ಗಕ್ಕೆ ಆನ್‌ಲೈನ್‌ನಲ್ಲಿ ಕಣ್ಣು ಕುಕ್ಕುತ್ತವೆ. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಬಯಲಾದ ಮೋಸ ನೆನಪಿರಲಿ. ಸಾವಿರಾರು ಗಂಟೆ ಓಡಿದ ಸೀಗೇಟ್ ಸರ್ವರ್ ಡಿಸ್ಕ್‌ಗಳ ಸ್ಮಾರ್ಟ್ ದಾಖಲೆಯನ್ನು (ಡಿಸ್ಕ್ ತನ್ನ ಓಟ, ದೋಷಗಳನ್ನು ತಾನೇ ಬರೆದಿಡುವ ಪಟ್ಟಿ) ಸೊನ್ನೆಗೆ ತಿರುಗಿಸಿ, ಮಾರಾಟದ ಜಾಲದಲ್ಲಿ ಹೊಸದೆಂದು ಸೇರಿಸಿದ್ದರು. ಸಿಕ್ಕಿಬಿದ್ದದ್ದು ಫಾರ್ಮ್ ಎಂಬ ಎರಡನೆಯ ದಾಖಲೆಯಿಂದ. ಇಂಥ ದಾಖಲೆ ಓದುವ ಸ್ಮಾರ್ಟ್‌ಸಿಟಿಎಲ್ ತಂತ್ರಾಂಶದ 7.4 ಮತ್ತು ನಂತರದ ಆವೃತ್ತಿಗಳು ಸೀಗೇಟ್ ಡಿಸ್ಕಿನ ಫಾರ್ಮ್ ದಾಖಲೆಯನ್ನು ಓದುತ್ತವೆ. ಎರಡೂ ಕಡೆ ಗಂಟೆಗಳು ತಾಳೆಯಾಗಬೇಕು.

ಎಷ್ಟು ಟಿಬಿ ಬೇಕು

ಅಂದಾಜಿಗೆ ಕೆಲವು ಲೆಕ್ಕ. ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಎಂಟು ಗಂಟೆ, ಸೆಕೆಂಡಿಗೆ 12 ಮೆಗಾಬಿಟ್‌ನಂತೆ ದಾಖಲಿಸಿದರೆ 43 ಜಿಬಿ. ಅಂಥ 50 ಆಟಕ್ಕೆ 2 ಟಿಬಿ ದಾಟುತ್ತದೆ. ಒಂದು ಮದುವೆಯ 2,000 ರಾ ಫೋಟೊ, ತಲಾ 30 ಎಂಬಿ, 60 ಜಿಬಿ. ಇನ್ನು 4 ಟಿಬಿ ಎಂದು ಬರೆದ ಡಿಸ್ಕ್ ನ್ಯಾಸ್‌ನಲ್ಲಿ 3.63 ಎಂದು ಕಾಣಿಸಿದರೆ ಮೋಸ ಹೋದೆವೆಂದು ತಿಳಿಯಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ನ್ಯಾಸ್ 1,024ರ ಲೆಕ್ಕದಲ್ಲಿ. ರೇಡ್ 1ರಲ್ಲಿ ಎರಡು 4 ಟಿಬಿ ಹಾಕಿದರೆ ಬಳಕೆಗೆ ಸಿಗುವುದು ಒಂದರಷ್ಟು ಮಾತ್ರ. ಅದರಲ್ಲೂ ಐದನೇ ಒಂದು ಪಾಲನ್ನು ಖಾಲಿ ಬಿಡಿ.

ಸಿಸಿಟಿವಿಯನ್ನೂ ಇದರಲ್ಲೇ ತುಂಬಿಸುವ ಆಸೆ ಹಲವರಿಗಿದೆ. ನಾಲ್ಕು ಕ್ಯಾಮೆರಾ, ತಲಾ 2 ಮೆಗಾಬಿಟ್ ಎಂದರೆ ದಿನಕ್ಕೆ 86 ಜಿಬಿ, ಒಂದು ತಿಂಗಳು ಉಳಿಸಿಟ್ಟರೆ 2.6 ಟಿಬಿ. ಮನೆಯ ಫೋಟೊಗಳಿಗೆ ಜಾಗವೇ ಉಳಿಯುವುದಿಲ್ಲ. ಕ್ಯಾಮೆರಾಕ್ಕೆ ಡಿವಿಆರ್‌ನಲ್ಲಿ ಬೇರೆ ಡಿಸ್ಕ್ ಇರಲಿ.

ಗಾತ್ರ ಆರಿಸುವಾಗ ಯಾರೂ ನೋಡದ ಇನ್ನೊಂದು ಸಂಗತಿ ಇದೆ: ಮರುಜೋಡಣೆಗೆ ಬೇಕಾಗುವ ಹೊತ್ತು. ಸರಾಸರಿ ಸೆಕೆಂಡಿಗೆ 150 ಎಂಬಿ ಎಂದುಕೊಂಡರೆ 4 ಟಿಬಿಗೆ ಏಳೂವರೆ ಗಂಟೆ, 8 ಟಿಬಿಗೆ ಹದಿನೈದು ಗಂಟೆ. 16 ಟಿಬಿಯ ಡಿಸ್ಕ್ ವೇಗದ್ದಾದರೂ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಆಷಾಢದಲ್ಲಿ ಘಟ್ಟದ ಮೇಲಿನ ಹಳ್ಳಿಯಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಇಲ್ಲದೆ ಇಡೀ ದಿನ ಕಳೆಯುವುದುಂಟು. ಮರುಜೋಡಣೆ ನಡುವೆ ನಿಂತರೆ ಹೆಚ್ಚಿನ ನ್ಯಾಸ್‌ಗಳು ನಿಂತಲ್ಲಿಂದ ಮುಂದುವರಿಸುತ್ತವೆ. ಆದರೆ ಅಷ್ಟು ಹೊತ್ತೂ ಇರುವುದು ಒಂದೇ ಪ್ರತಿ. ಆದ್ದರಿಂದ ಯಲ್ಲಾಪುರ, ಸಿದ್ದಾಪುರ, ಜೋಯಿಡಾ ಕಡೆಯವರು 8 ಟಿಬಿ ದಾಟದಿರುವುದು ಲೇಸು.

ಕೊಳ್ಳುವಾಗ, ಬಂದಾಗ

ಎರಡು ಡಿಸ್ಕನ್ನು ಎರಡು ಅಂಗಡಿಯಿಂದ, ಇಲ್ಲವೇ ಬೇರೆ ಬೇರೆ ತಿಂಗಳಲ್ಲಿ ತಯಾರಾದದ್ದು ನೋಡಿ ತನ್ನಿ. ಒಂದೇ ದಿನ ಒಂದೇ ಕಾರ್ಖಾನೆಯಿಂದ ಬಂದ ಜೋಡಿಯಲ್ಲಿ ಒಂದೇ ದೋಷ ಇದ್ದರೆ, ಒಂದೇ ಹೊತ್ತಿಗೆ ಹೋಗುವ ಸಂಭವ ಹೆಚ್ಚು. ತಯಾರಿಯ ದಿನಾಂಕ ಚೀಟಿಯ ಮೇಲೇ ಇರುತ್ತದೆ. ಹಣ ಕೊಡುವ ಮುನ್ನ ಕ್ರಮ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ, ಭಾರತದಲ್ಲಿ ವಾರಂಟಿ ಎಲ್ಲಿಯವರೆಗೆ ಎಂದು ನೋಡಿ. ಬೇರೆ ದೇಶಕ್ಕೆಂದು ಮಾಡಿದ ಡಿಸ್ಕಾದರೆ ಇಲ್ಲಿ ವಾರಂಟಿ ಸಿಗದು. ಊರಿನ ಅಂಗಡಿಯಲ್ಲಿ ಇನ್ನೂರು-ಮುನ್ನೂರು ರೂಪಾಯಿ ಹೆಚ್ಚಾದರೂ, ಜಿಎಸ್‌ಟಿ ಬಿಲ್ ಕೊಟ್ಟು, ಕೆಟ್ಟಾಗ ಕೊರಿಯರ್ ತಾನೇ ಮಾಡುತ್ತೇನೆ ಎನ್ನುವವನಿದ್ದರೆ ಅಲ್ಲೇ ಕೊಳ್ಳಿ. ಆನ್‌ಲೈನ್ ತರಿಸಿದರೆ ಪ್ಯಾಕಿಂಗ್ ನೋಡಿ. ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು ಬರುವ ಡಿಸ್ಕಿಗೆ ಸುತ್ತಲೂ ಎರಡಿಂಚಾದರೂ ಮೆತ್ತೆ ಬೇಕು. ತೆಳ್ಳಗಿನ ಬಬಲ್ ಲಕೋಟೆಯಲ್ಲಿ ಬಂದದ್ದನ್ನು ತೆರೆಯದೆ ವಾಪಸ್ ಮಾಡಿ.

ಮಳೆಗಾಲದಲ್ಲಿ ಬಂದ ಡಿಸ್ಕನ್ನು ಕೂಡಲೇ ಬಿಚ್ಚಬೇಡಿ. ಬೆಳ್ಳಿಬಣ್ಣದ ಚೀಲದ ಬಾಯಿ ತೆರೆಯದೆ ನಾಲ್ಕೈದು ಗಂಟೆ ಕೋಣೆಯಲ್ಲಿಟ್ಟು, ಡಿಸ್ಕ್ ಕೋಣೆಯ ಬಿಸಿಗೆ ಬಂದ ಮೇಲೆ ತೆಗೆಯಿರಿ. ನ್ಯಾಸ್‌ಗೆ ಹಾಕಿ ಮೊದಲು ಸ್ಮಾರ್ಟ್ ಪಟ್ಟಿ ನೋಡಿ. 9ನೆಯ ಸಾಲು ಓಡಿದ ಗಂಟೆ. ಹೊಸದಾದರೆ ಸೊನ್ನೆ, ಹೆಚ್ಚೆಂದರೆ ಕೆಲವು ಗಂಟೆ. ಬಳಿಕ ಚಿಕ್ಕ ಪರೀಕ್ಷೆ, ಅದಾದ ಮೇಲೆ ಪೂರ್ತಿ ಪರೀಕ್ಷೆ. 4 ಟಿಬಿಗೆ ಏಳೆಂಟು ಗಂಟೆ ಬೇಕು, ರಾತ್ರಿ ಹಚ್ಚಿಬಿಡಿ. ಲಿನಕ್ಸ್ ಗೊತ್ತಿರುವವರು ಬ್ಯಾಡ್‌ಬ್ಲಾಕ್ಸ್‌ನಿಂದ ಪೂರ್ತಿ ಬರೆದು ಓದಿಸಬಹುದು. ಅದರ ನಾಲ್ಕು ಸುತ್ತು 4 ಟಿಬಿಗೆ ಎರಡೂವರೆ ದಿನ ತೆಗೆದುಕೊಳ್ಳುತ್ತದೆ, ಮತ್ತು ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಹಾಗಾಗಿ ಖಾಲಿ ಡಿಸ್ಕಿಗೆ ಮಾತ್ರ. ಮುಗಿದ ಮೇಲೆ, ಕೆಟ್ಟ ಸೆಕ್ಟರ್‌ಗಳನ್ನು ಎಣಿಸುವ 5, 197, 198ನೆಯ ಸಾಲುಗಳಲ್ಲಿ ಸೊನ್ನೆಯೇ ಇರಬೇಕು. ಒಂದೇ ಒಂದು ಸೆಕ್ಟರ್ ಬಂದಿದ್ದರೂ, ಅಂಗಡಿಯವರು ಏನೂ ಆಗುವುದಿಲ್ಲ ಎಂದರೂ, ಬದಲಿಸಿ ಕೊಡುವ ಅವಧಿ ಮುಗಿಯುವ ಮುನ್ನ ವಾಪಸ್ ಕೊಡಿ.

199ನೆಯ ಸಾಲು ಮಾತ್ರ ಬೇರೆ ಕಥೆ. ಅದು ಏರುತ್ತಿದ್ದರೆ ಕೆಟ್ಟಿರುವುದು ಹೆಚ್ಚಾಗಿ ತಟ್ಟೆಯಲ್ಲ, ತಂತಿ ಅಥವಾ ಕನೆಕ್ಟರ್. ಕರಾವಳಿಯಲ್ಲಿ ಎರಡು ಮಳೆಗಾಲ ಕಂಡ ಪೆಟ್ಟಿಗೆಯಲ್ಲಿ ಇದು ಬಂದಾಗ ಡಿಸ್ಕ್ ಎಸೆಯಬೇಡಿ. ನ್ಯಾಸ್ ಆಫ್ ಮಾಡಿ, ಟ್ರೇ ಹೊರಗೆಳೆದು ಸಾಟಾ ಬಾಯಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಮಂಕಾಗಿದ್ದರೆ, ಬಿಳಿ ಪುಡಿ ಕೂತಿದ್ದರೆ, ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನಾರು ಬಿಡದ ಬಟ್ಟೆ ಅದ್ದಿ ಮೆಲ್ಲಗೆ ಒರೆಸಿ, ಹತ್ತು ನಿಮಿಷ ಒಣಗಿಸಿ ಮತ್ತೆ ಕೂರಿಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಲೇಪವೇ ಎದ್ದು ಬರುತ್ತದೆ. ಈ ಸಾಲಿನ ಹಳೆಯ ಸಂಖ್ಯೆ ಅಳಿಯುವುದಿಲ್ಲ. ಬರೆದಿಟ್ಟುಕೊಂಡು, ವಾರದ ನಂತರ ಏರಿದೆಯೇ ಎಂದಷ್ಟೇ ನೋಡಿ.

ನ್ಯಾಸ್ ಪೆಟ್ಟಿಗೆಗೂ ಡಿಸ್ಕಿಗೂ ಹೊಂದಾಣಿಕೆ ಪಟ್ಟಿ ನೋಡುವುದನ್ನು ಮರೆಯಬೇಡಿ. ನ್ಯಾಸ್ ಪೆಟ್ಟಿಗೆ ಮಾಡುವ ಸೈನಾಲಜಿ ಕಂಪನಿ 2025ರ ಪ್ಲಸ್ ಮಾಡೆಲ್‌ಗಳಿಗೆ ತನ್ನದೇ ಪಟ್ಟಿಯ ಡಿಸ್ಕ್ ಬೇಕೆಂದು ಕಟ್ಟು ಹಾಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ತನ್ನ ನ್ಯಾಸ್ ತಂತ್ರಾಂಶ ಡಿಎಸ್‌ಎಂ 7.3ರಲ್ಲಿ ಅದನ್ನು ಸಡಿಲಿಸಿತು. ಅಂಗಡಿಯಲ್ಲಿ ಹಳೆಯ ತಂತ್ರಾಂಶದ ಪೆಟ್ಟಿಗೆ ಸಿಕ್ಕರೆ ಮೊದಲು ಅದನ್ನು ನವೀಕರಿಸಿ.

ಕರೆಂಟ್, ಸಿಡಿಲು, ಇರುವೆ

ಎರಡು ಡಿಸ್ಕಿನ ನ್ಯಾಸ್ ಸುಮಾರು 20 ವ್ಯಾಟ್ ತಿನ್ನುತ್ತದೆ, ತಿಂಗಳಿಗೆ ಹದಿನಾಲ್ಕೂವರೆ ಯೂನಿಟ್. ಮನೆಯ ಇನ್‌ವರ್ಟರ್ ಇದೆಯಲ್ಲ, ಯುಪಿಎಸ್ ಏಕೆ ಎಂದು ಕೇಳುವವರಿದ್ದಾರೆ. ಇನ್‌ವರ್ಟರ್ ಬದಲಾಗುವ ಕ್ಷಣದಲ್ಲೇ ನ್ಯಾಸ್ ನಿಂತುಹೋಗಬಹುದು, ಅದಕ್ಕಿಂತ ಮುಖ್ಯವಾಗಿ ಇನ್‌ವರ್ಟರ್ ಬ್ಯಾಟರಿ ಮುಗಿಯುತ್ತಿದೆ ಎಂದು ನ್ಯಾಸ್‌ಗೆ ಹೇಳುವುದಿಲ್ಲ. ಯುಎಸ್‌ಬಿ ತಂತಿ ಹಾಕಲು ಬರುವ 600 ವಿಎ ಯುಪಿಎಸ್ ತಗೊಳ್ಳಿ. ಕೊಳ್ಳುವಾಗ ಆ ಯುಎಸ್‌ಬಿ ಬಾಯಿ ಇದೆಯೇ ಎಂದು ಹಿಂಬದಿ ತಿರುಗಿಸಿ ನೋಡಿ, ಅಗ್ಗದವುಗಳಲ್ಲಿ ಇರುವುದಿಲ್ಲ. ಬ್ಯಾಟರಿಯ ಮೇಲೆ ಹತ್ತು ನಿಮಿಷವಾದರೆ ತಾನೇ ಮುಚ್ಚಿಕೊಳ್ಳುವಂತೆ ನ್ಯಾಸ್‌ನಲ್ಲಿ ಹೊಂದಿಸಿ. ಕರೆಂಟ್ ಬಂದು ಹೋಗಿ ಆಟವಾಡುವ ದಿನಗಳಲ್ಲಿ ತಾನಾಗಿ ಚಾಲೂ ಆಗುವುದನ್ನು ಬಂದ್ ಮಾಡಿ.

ಮಳೆಗಾಲಕ್ಕೆ ಮುಂಚಿನ ಗುಡುಗು-ಸಿಡಿಲಿಗೆ ನ್ಯಾಸ್ ಬಲಿಯಾಗುವುದು ಗೋಡೆಯ ಪ್ಲಗ್ಗಿನಿಂದ ಮಾತ್ರವಲ್ಲ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯದು. ಆದರೆ ಅಂಗಳದ ಕ್ಯಾಮೆರಾದಿಂದ, ಕೊಟ್ಟಿಗೆ ಅಥವಾ ಅಡಿಕೆ ಗೋದಾಮಿನಿಂದ ಬರುವ ತಾಮ್ರದ ಲ್ಯಾನ್ ತಂತಿ ಅದೇ ಸ್ವಿಚ್ಚಿಗೆ ಸೇರಿದ್ದರೆ ಸಿಡಿಲಿನ ಹೊಡೆತ ನೇರವಾಗಿ ನ್ಯಾಸ್‌ಗೆ ಬರುತ್ತದೆ. ಆ ತಂತಿಯನ್ನು ಬೇರೆ ಸ್ವಿಚ್ಚಿಗೆ ಹಾಕಿ, ಎರಡರ ನಡುವೆ ವೈಫೈ ಅಥವಾ ಫೈಬರ್ ಬಳಸಿ.

ಅಟ್ಟದ ಮೇಲೆ ಇಡಬೇಡಿ, ಹಂಚಿನ ಕೆಳಗೆ ಬೇಸಿಗೆಯ ಬಿಸಿ ಕೂರುತ್ತದೆ. ದೇವರಮನೆ, ಅಡುಗೆಮನೆ, ಅಡಿಕೆ ಬೇಯಿಸುವ ಜಾಗದ ಹೊಗೆಯೂ ಬೇಡ, ಮಸಿ ಫ್ಯಾನಿಗೆ ಅಂಟುತ್ತದೆ. ಬೆಚ್ಚಗಿರುವ ಪೆಟ್ಟಿಗೆಗೆ ಇರುವೆ ಗೂಡು ಕಟ್ಟುವುದು ನಮ್ಮ ಕಡೆ ಸಾಮಾನ್ಯ. ತಿಂಗಳಿಗೊಮ್ಮೆ ಹಿಂಬದಿ ನೋಡಿ. ಒಳಗೆ ಔಷಧಿ ಸಿಂಪಡಿಸಬಾರದು.

ರೇಡ್ ಇದ್ದ ಮಾತ್ರಕ್ಕೆ ಮೂರನೆಯ ಪ್ರತಿ ಬೇಡವೆಂದಲ್ಲ. ಕೈತಪ್ಪಿ ಅಳಿಸಿದ ಫೋಟೊ ಎರಡೂ ಡಿಸ್ಕಿನಿಂದ ಒಟ್ಟಿಗೆ ಹೋಗುತ್ತದೆ, ಸಿಡಿಲೂ ಎರಡನ್ನೂ ಒಟ್ಟಿಗೆ ಒಯ್ಯುತ್ತದೆ. ಬೇಡವೆಂದ ಎಸ್‌ಎಂಆರ್ ಡಿಸ್ಕ್ ಇಲ್ಲಿ ಧಾರಾಳವಾಗಿ ಸಲ್ಲುತ್ತದೆ. ಯುಎಸ್‌ಬಿ ಪೋರ್ಟಬಲ್ ಡಿಸ್ಕಿಗೆ ತಿಂಗಳಿಗೊಮ್ಮೆ ಪ್ರತಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಕೊನೆಗೆ, ಡಿಸ್ಕನ್ನು ಟ್ರೇಗೆ ಕೂರಿಸುವ ಮುನ್ನ ಅದರ ಕ್ರಮ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರ ಮತ್ತು ಕೊಂಡ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಟ್ರೇಯ ಮುಂಬದಿಗೆ ಅಂಟಿಸಿ. ಎರಡರಲ್ಲಿ ಒಂದು ಕೆಟ್ಟಾಗ ನ್ಯಾಸ್ ತೋರಿಸುವುದು ಕ್ರಮ ಸಂಖ್ಯೆಯನ್ನು. ಒಂದನೆಯ ಖಾನೆ ಎಡದ್ದೋ ಬಲದ್ದೋ ಎಂಬ ಗೊಂದಲದಲ್ಲಿ ಒಳ್ಳೆಯ ಡಿಸ್ಕನ್ನೇ ಹೊರಗೆಳೆದವರು ಬಹಳ ಮಂದಿ. ಚೀಟಿಗೆ ಪೆನ್ಸಿಲ್ ಬಳಸಿ, ಮಳೆಗಾಲದ ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ.